ಟೀ ಆರುವಷ್ಟು ಹೊತ್ತು

ಸ್ಪಾಲ್ಡಿಂಗ್‌ನಲ್ಲಿ ನೆಲವೆಂಬುದು ನೀರಿನಿಂದ ಕಸಿದುಕೊಂಡದ್ದು.
ಊರಾಚೆಯ ಪಂಪು ಹಗಲಿರುಳು ಹೀರುತ್ತದೆ;
ಒಂದು ಚಳಿಗಾಲ ಅದು ಸುಮ್ಮನಾದರೆ
ಕೋಸಿನ ಹೊಲ, ಚರ್ಚಿನ ಮೆಟ್ಟಿಲು, ನನ್ನ ಔಷಧಿ ಅಂಗಡಿ
ಎಲ್ಲ ಮತ್ತೆ ಜವುಗಿನ ಪಾಲು.
ಇಂಥ ಊರಲ್ಲಿ ಸಿರಿಲ್ ಪಿಂಚ್‌ಬೆಕ್
ಒಂದು ಚಿಟಿಕೆ ಹಳದಿಯನ್ನು ಒಣಗಿಸಿಡಲು ಹೊರಟಿದ್ದರು.

ಮೊದಲ ಸಲ ಬಂದಾಗ ಕೇಳಿದ್ದು ಮಾತ್ರೆಯಲ್ಲ,
ಮಾತ್ರೆ ಡಬ್ಬಿಯೊಳಗಿನ ಪುಟ್ಟ ಪೊಟ್ಟಣ,
ತಿನ್ನಬೇಡಿ ಎಂದು ಬರೆದಿರುತ್ತದಲ್ಲ, ಅದು.
ಜೊತೆಗೆ ಖಾಲಿ ಕ್ಯಾಪ್ಸೂಲು, ಇಪ್ಪತ್ತು.
ಯಾವ ಕಾಯಿಲೆಗೆ ಅಂದೆ.
"ಫೆಬ್ರವರಿಗೂ ಮೇ ತಿಂಗಳಿಗೂ ಭೇಟಿ ಮಾಡಿಸಬೇಕು."

ಹಿತ್ತಲಲ್ಲಿ ಎರಡು ಡ್ಯಾಫೊಡಿಲ್.
ಒಂದು ಎನಿಡ್ ನೆಟ್ಟು ಹೋದದ್ದು:
ಗಿಡ್ಡ, ಅರಿಸಿನ ಬಣ್ಣ, ಹಿಮ ಕರಗುವ ಮೊದಲೇ
ಅರಳಿ ಮುಗಿಸುವ ಆತುರಗಾತಿ.
ಇನ್ನೊಂದು ಬಿಳಿ, ಕಂಪಿನದು,
ಎಲೆ ತೆಗೆದ ಮೇಲೆ ಊಟಕ್ಕೆ ಬರುವ ನೆಂಟ.
ಒಂದೇ ಮಣ್ಣು, ನಡುವೆ ಹತ್ತು ಹೆಜ್ಜೆ.
ಮೂವತ್ತು ವರ್ಷ, ಒಂದನ್ನೊಂದು ಕಂಡಿಲ್ಲ.

ಇಬ್ಬನಿ ಆರಿದ ಮೇಲೆ ಕೀಳಬೇಕು ಕೇಸರ.
ಕಾಗದದ ಮೇಲೆ ಎರಡು ದಿನ, ಕಿಟಕಿ ಮುಚ್ಚಿ, ಕೆಮ್ಮದೆ.
ಒಡೆದು ಹಿಟ್ಟುದುರಿದರೆ ಕ್ಯಾಪ್ಸೂಲಿಗೆ,
ಕ್ಯಾಪ್ಸೂಲು ಸೀಸೆಗೆ, ಸೀಸೆಯ ತಳದಲ್ಲಿ ಕಿತ್ತಳೆ ಹರಳು.
ಹರಳು ಹಸಿರಾಯಿತೋ, ನೀರು ಕುಡಿದಿದೆ;
ಓವನ್ನಿನಲ್ಲಿ ಹುರಿದು ಮತ್ತೆ ಬಾಯಾರಿಸಬೇಕು.
ಆಮೇಲೆ ಫ್ರೀಜರು, ಬಟಾಣಿ ಚೀಲದ ಹಿಂದೆ.

ನಮ್ಮಜ್ಜಿ ಉಪ್ಪಿನ ಡಬ್ಬಿಗೆ ಹುರಿದ ಅಕ್ಕಿಕಾಳು ಹಾಕುತ್ತಿದ್ದಳು ಅಂದೆ.
ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ತಾಗಿಸಿದವರೊಡನೆ
ಮೂರು ದಿನ ಮಾತಿಲ್ಲ.
ಸಿರಿಲ್ ಕನ್ನಡಕ ತೆಗೆದು ಒರೆಸಿಕೊಂಡರು:
"ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದೆ."

ನಾನೂ ಒಂದು ವರ್ಷವನ್ನು ಕೊಂದಿದ್ದೇನೆ.
ಫ್ರೀಜರಿನಿಂದ ತೆಗೆದವಳೇ ಮುಚ್ಚಳ ತಿರುಗಿಸಿದೆ.
ಅಡುಗೆಮನೆಯ ಬೆಚ್ಚನೆ ಗಾಳಿ ಒಳನುಗ್ಗಿ
ತಣ್ಣನೆ ಗಾಜಿಗೆ ತಾಗಿ ಬೆವರಿತು.
ಕಣ್ಣೆದುರೇ ಹಳದಿ ಅಂಟಾಯಿತು, ಕೆಸರಾಯಿತು.
ಸಕ್ಕರೆ ನೀರಿನ ಹನಿಯಲ್ಲಿ ಹಾಕಿ
ಹಳೆಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು ಅವರು.
ಬದುಕಿದ್ದರೆ ಒಂದೊಂದು ಕಣವೂ ಬಾಲ ಚಾಚಬೇಕು.
ಗಂಟೆ ಎರಡಾಯಿತು. ಯಾವುದೂ ಚಾಚಲಿಲ್ಲ.

ಬೈಯಲಿಲ್ಲ. ಕುರ್ಚಿ ಎಳೆದರು.
"ಸೀಸೆ ಮೇಜಿನ ಮೇಲಿಡು. ಮುಟ್ಟಬೇಡ.
ಟೀ ಮಾಡು, ಕುಡಿ, ಕಪ್ಪು ತೊಳೆ, ಕೈ ಒರೆಸು.
ಆಮೇಲೆ ಮುಚ್ಚಳ."
ತುಸು ತಡೆದು, ಸೀಸೆಗೋ ನನಗೋ ಎಂಬಂತೆ:
"ಚಳಿಯಿಂದ ಬಂದವರನ್ನು ಬಾಗಿಲಲ್ಲೇ ಮಾತಾಡಿಸಬಾರದು."

ಈ ಸಲ ಏಪ್ರಿಲ್ ಹದಿನಾರಕ್ಕೆ ಸಿರಿಲ್ ಹೋದರು,
ಬಿಳಿ ಮೊಗ್ಗು ಇನ್ನೂ ಎಲೆಯೊಳಗಿತ್ತು.
ಮನೆ ಖಾಲಿ ಮಾಡಲು ಬಂದ ಸೋದರಸೊಸೆ
ಬಟಾಣಿ, ಮೀನು, ಐಸ್‌ಕ್ರೀಮು ಎಲ್ಲ ಎಸೆದು
ಇದೊಂದನ್ನು ಅಂಗಡಿಗೆ ತಂದಳು, ಟವಲಿನಲ್ಲಿ ಸುತ್ತಿ:
"ಇದು ಔಷಧಿಯೇ? ತಾರೀಖು ಮುಗಿದಿದೆಯೇ?"
ಚೀಟಿಯಲ್ಲಿ ಪೆನ್ಸಿಲಿನ ಅಕ್ಷರ: ಎನಿಡ್, ಫೆಬ್ರವರಿ ಒಂಬತ್ತು.
ಹರಳು ಕಿತ್ತಳೆಯಾಗೇ ಇತ್ತು.
ಲಸಿಕೆಗಳ ಫ್ರಿಜ್ಜಿನ ಪಕ್ಕ ಸ್ಯಾಂಡ್‌ವಿಚ್ಚಿನ ಫ್ರಿಜ್ಜು ಇದೆ ನಮಗೆ;
ಅದರ ಫ್ರೀಜರಿನಲ್ಲಿ ಮೂರು ವಾರ ಜಾಗ ಕೊಟ್ಟೆ.

ಇವತ್ತು ಬಿಳಿಯದು ಬಾಯಿ ತೆರೆದಿದೆ.
ಮನೆ ಮಾರಾಟದ ಫಲಕದ ಹಿಂದೆ, ಯಾರನ್ನೂ ಕೇಳದೆ,
ಅವರ ಹಿತ್ತಲ ಕಲ್ಲಿನ ಮೇಲೆ ಕೂತಿದ್ದೇನೆ.
ಜೇಬಿನಲ್ಲಿ ಕುಂಚ, ಫ್ಲಾಸ್ಕಿನಲ್ಲಿ ಟೀ.
ಬೀಜವಾಗಿ, ಗಡ್ಡೆಯಾಗಿ, ಹೂವಾಗಲು ಐದು ವರ್ಷ ಬೇಕಂತೆ,
ಅಷ್ಟರಲ್ಲಿ ಈ ಹಿತ್ತಲು ಯಾರ ಕಾರು ನಿಲ್ಲುವ ಜಾಗವೋ.
ದೂರದಲ್ಲಿ ಪಂಪು ನೀರೆತ್ತುತ್ತಿದೆ.
ಸೀಸೆಯ ಹೊರಮೈ ಬೆವರುತ್ತಿದೆ, ಒಳಗಲ್ಲ.
ಟೀ ಇನ್ನೂ ಸುಡುತ್ತಿದೆ.